ಹಳೇ ಸ್ಪ್ಲೆಂಡರ್ ಮನೆಗೆ ಬಂದ ಮೇಲೆ

ನನ್ನ ತಮ್ಮನ ಮಗ ಹೋದ ತಿಂಗಳು ಒಂದು ಸ್ಪ್ಲೆಂಡರ್ ಪ್ಲಸ್ ತಂದ. 2012ರ ಗಾಡಿ. ಅವನಿಗೆ ಹರಿಹರದಲ್ಲಿ ಕೆಲಸ, ದಾವಣಗೆರೆಯಿಂದ ದಿನಾ ಹೋಗಿ ಬರಬೇಕು. ತಂದ ದಿನವೇ ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ. ಎಲ್‌ಇಡಿ ಲೈಟು, ದಪ್ಪ ಟೈರು, ಗುಡುಗುವ ಸೈಲೆನ್ಸರ್, ಹೊಸ ಹ್ಯಾಂಡಲ್. "ದೊಡ್ಡಪ್ಪ, ಎಲ್ಲಾ ಸೇರಿ ಎಂಟು ಸಾವಿರದಲ್ಲಿ ಮುಗಿಯುತ್ತೆ" ಅಂದ. ನಾನು ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿಸಿ, ಹಿಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಚೈನು ಒಂದು ಸುತ್ತಿನಲ್ಲಿ ಜೋತು ಬೀಳುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. "ಮೊದಲು ಇದರ ದುಡ್ಡು ತೆಗೆದಿಡು, ಮಿಕ್ಕರೆ ಲೈಟು ನೋಡೋಣ" ಅಂದೆ. ಮುಖ ಸಣ್ಣಗೆ ಮಾಡಿಕೊಂಡ.

ಅವನನ್ನು ಬೈಯುವ ಹಕ್ಕು ನನಗಿಲ್ಲ ಬಿಡಿ. ನನ್ನ ಮೊದಲ ಗಾಡಿಯೂ ಸೆಕೆಂಡ್ ಹ್ಯಾಂಡೇ. ಟ್ಯಾಂಕಿನ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮೀಟರ್ ಹದಿನೆಂಟು ಸಾವಿರ ತೋರಿಸುತ್ತಿತ್ತು. ಮಾರಿದವನ ಮಾತು ನಂಬಿದೆ. ಆರು ತಿಂಗಳಿಗೆ ಎಂಜಿನ್ ಬಿಚ್ಚಿಸಿ, ತೇದ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಬೇಕಾಯಿತು. ಆಮೇಲೆ ಕಲಿತೆ, ಮೀಟರ್ ತಿರುಗಿಸಬಹುದು, ಬಣ್ಣ ಬಳಿಯಬಹುದು, ಆದರೆ ಬ್ರೇಕ್ ಪೆಡಲಿನ ಮೇಲಿನ ಗೀರು, ಕಿಕ್ಕರ್ ರಬ್ಬರು, ಫುಟ್‌ರೆಸ್ಟ್ ರಬ್ಬರು ಯಾರೂ ಬದಲಿಸಲು ಹೋಗುವುದಿಲ್ಲ. ಹದಿನೆಂಟು ಸಾವಿರ ಓಡಿದ ಗಾಡಿಯ ಕಿಕ್ಕರ್ ರಬ್ಬರು ನುಣ್ಣಗಾಗಿದ್ದರೆ ಅಲ್ಲೇ ತಿಳಿಯಬೇಕು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಹ್ಯಾಂಡಲ್ ಕುತ್ತಿಗೆಯ ಮೇಲೆ ಕೊರೆದ ನಂಬರಿಗೆ ಹೋಲಿಸಿ ನೋಡಿ. ಸಾಲದ ಮೇಲೆ ತೆಗೆದ ಗಾಡಿಯಾಗಿದ್ದರೆ ಆ ಸಾಲ ತೀರಿದೆಯೇ ಅಂತ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಬಹುದು. ಹೆಸರು ಬದಲಿಸಲು ಫಾರಂ 29 ಮತ್ತು 30 ಬೇಕು. 14 ದಿನದೊಳಗೆ ಆರ್‌ಟಿಓ ಆಫೀಸಿಗೆ ಕೊಟ್ಟರೆ ತಲೆನೋವಿಲ್ಲ, ಇನ್ಶೂರೆನ್ಸನ್ನೂ ಅದೇ ವಾರದಲ್ಲಿ ನಿಮ್ಮ ಹೆಸರಿಗೆ ಮಾಡಿಸಿ. ಇನ್ನೊಂದು, ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಇವನದು 2012ರದ್ದಲ್ವಾ, ಹಾಗಾಗಿ 2027ಕ್ಕೆ ಮತ್ತೆ ತೋರಿಸಿ ಐದು ವರ್ಷಕ್ಕೆ ಮುಂದುವರಿಸಬೇಕು. ಆ ಖರ್ಚನ್ನು ಗಾಡಿಯ ರೇಟು ಮಾತಾಡುವಾಗಲೇ ಕಳೆಯಬೇಕಿತ್ತು. ಇವನು ಕಳೆದಿರಲಿಲ್ಲ.

ಗಾಡಿ ಮನೆಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಎಂಜಿನ್ ಆಯಿಲ್ ಬದಲಿಸುವುದು. ಹಳೇ ಯಜಮಾನ "ಹೋದ ವಾರವಷ್ಟೇ ಹಾಕಿಸಿದ್ದೆ" ಅಂದರೂ ಬದಲಿಸಿ. ಎಂಜಿನ್ ಸ್ವಲ್ಪ ಬಿಸಿಯಾಗಿರುವಾಗ ತೆಗೆದರೆ ಕೊಳೆಯೆಲ್ಲ ಇಳಿಯುತ್ತದೆ. ತೆಗೆದ ಎಣ್ಣೆಯನ್ನು ಬೆರಳಿಗೆ ಸವರಿ ನೋಡಿ. ಕಪ್ಪಾಗಿದ್ದರೆ ಚಿಂತೆ ಇಲ್ಲ. ಬೆಳ್ಳಿಪುಡಿಯ ಹಾಗೆ ಮಿನುಗಿದರೆ ಒಳಗೆ ಏನೋ ತೇಯುತ್ತಿದೆ ಅಂತ ಲೆಕ್ಕ. ಸ್ಪ್ಲೆಂಡರಿಗೆ 10ಡಬ್ಲ್ಯೂ-30 ಗ್ರೇಡಿನ ಎಣ್ಣೆ, ಸುಮಾರು 900 ಮಿಲಿ ಸಾಕು. ಡಬ್ಬಿಯ ಮೇಲೆ ಜಾಸೋ ಎಂಎ (JASO MA, ಬೈಕಿನ ಎಣ್ಣೆಯ ಗುರುತು) ಅಂತ ಇರಬೇಕು. ಕಾರಿನ ಎಣ್ಣೆ ಮಿಕ್ಕಿದೆ ಅಂತ ಸುರಿಯಬೇಡಿ. ಈ ಗಾಡಿಯ ಕ್ಲಚ್ ಪ್ಲೇಟುಗಳು ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ, ಕಾರಿನ ಎಣ್ಣೆಗೆ ಜಾರತೊಡಗುತ್ತವೆ. ಮಟ್ಟ ನೋಡುವಾಗ ಡಬಲ್ ಸ್ಟ್ಯಾಂಡ್ ಹಾಕಿ, ಎಣ್ಣೆ ಮುಚ್ಚಳದ ಕಡ್ಡಿಯನ್ನು ತಿರುಪದೆ ಸುಮ್ನೆ ಒಳಗಿಟ್ಟು ತೆಗೆಯಬೇಕು. ತಿರುಪಿ ನೋಡಿದರೆ ಎಣ್ಣೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಈಗ ಚೈನಿಗೆ ಬರುತ್ತೇನೆ. ನಮ್ಮ ಕಡೆ ಗಾಡಿ ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ. ಸ್ಪ್ಲೆಂಡರಿನ ಚೈನು ಕವರಿನೊಳಗೆ ಇರುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳದೆ ಒಣಗುತ್ತದೆ. ಕವರಿಗೆ ಒಂದು ರಬ್ಬರ್ ಬಿರಡೆ ಇದೆ, ಅದನ್ನು ತೆಗೆದು ಬೆರಳು ಹಾಕಿ ಚೈನನ್ನು ಮೇಲೆ ಕೆಳಗೆ ಆಡಿಸಿ. ಎರಡರಿಂದ ಮೂರು ಸೆಂಟಿಮೀಟರ್ ಆಡಿದರೆ ಸರಿ. ಒಂದೇ ಜಾಗದಲ್ಲಿ ನೋಡಿ ಬಿಡಬಾರದು. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ನೋಡಿ, ಎಲ್ಲಕ್ಕಿಂತ ಬಿಗಿಯಾದ ಜಾಗದಲ್ಲಿ ಈ ಅಳತೆ ಬರುವಂತೆ ಹೊಂದಿಸಬೇಕು. ಸಡಿಲ ಇರುವ ಕಡೆ ನೋಡಿ ಬಿಗಿ ಮಾಡಿದರೆ ಬಿಗಿ ಇರುವ ಕಡೆ ಬೇರಿಂಗ್ ಎಳೆದು ತಿನ್ನುತ್ತದೆ. ಹಿಂದಿನ ಚಕ್ರದ ಎರಡೂ ಬದಿಯ ಅಡ್ಜಸ್ಟರ್ ಗುರುತು ಒಂದೇ ಗೆರೆಗೆ ಬರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗಿ ಓಡುತ್ತದೆ. ತುಂಬಾ ಜನ ಮರೆಯುವ ಮಾತು ಇನ್ನೊಂದಿದೆ. ಚೈನ್ ಬಿಗಿ ಮಾಡಿದರೆ ಚಕ್ರ ಹಿಂದೆ ಸರಿಯುತ್ತದೆ, ಅದರ ಜೊತೆ ಹಿಂದಿನ ಬ್ರೇಕಿನ ಬಿಗಿಯೂ ಬದಲಾಗುತ್ತದೆ. ಪೆಡಲ್ ಒತ್ತಿ ನೋಡಿಯೇ ಗಾಡಿ ಹತ್ತಿ.

ಎಣ್ಣೆ ಹಾಕುವುದು ರಾತ್ರಿ ಮನೆಗೆ ಬಂದ ಮೇಲೆ, ಚೈನ್ ಬೆಚ್ಚಗಿರುವಾಗ. 90ರ ಗೇರ್ ಆಯಿಲ್ ಒಂದು ಹಳೇ ಶಾಂಪೂ ಬಾಟಲಿಗೆ ತುಂಬಿಟ್ಟುಕೊಳ್ಳಿ. ಗಾಡಿಯ ಕೆಳಗೆ ಪೇಪರ್ ಹಾಸಿ, ಕೈಯಲ್ಲಿ ಚಕ್ರ ತಿರುಗಿಸುತ್ತಾ ಚೈನಿನ ಒಳಮೈಗೆ ತೊಟ್ಟು ತೊಟ್ಟಾಗಿ ಬಿಡಿ. ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಈ ಕೆಲಸ ಮಾಡಬೇಡಿ. ನನ್ನ ಗೆಳೆಯನೊಬ್ಬನಿಗೆ ಉಂಗುರದ ಬೆರಳಿನ ತುದಿ ಇಲ್ಲ, ಕಾರಣ ಇಷ್ಟೇ. ಗ್ರೀಸ್ ಬಳಿಯುವುದೂ ಬೇಡ, ಅದು ಧೂಳನ್ನು ಕರೆದು ಕೂರಿಸಿಕೊಂಡು ಅರೆಯುವ ಕಲ್ಲಿನ ಹಾಗೆ ಕೆಲಸ ಮಾಡುತ್ತದೆ. ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಹಲ್ಲು ಗರಗಸದ ಹಾಗೆ ಒಂದು ಕಡೆ ವಾಲಿದ್ದರೆ ಚೈನು, ಎರಡೂ ಸ್ಪ್ರಾಕೆಟ್ಟು ಒಟ್ಟಿಗೇ ಬದಲಿಸಿ. ಹಳೇ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಚೈನಿನ ಎರಡು ತುದಿ ಜೋಡಿಸುವ ಲಾಕಿನ ಕ್ಲಿಪ್ಪು ನೋಡಿ, ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಹುಡುಗನ ಗಾಡಿಯಲ್ಲಿ ತಿರುಗುಮುರುಗಾಗಿತ್ತು.

ನಮ್ಮ ನೆಲದ ಎರಡು ಕಾಟ ಕಂಪನಿಯ ಪುಸ್ತಕದಲ್ಲಿ ಇರುವುದಿಲ್ಲ. ಒಂದು ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನ ಹಾಗೆ ತುಂಬಿ ಚಕ್ರ ನಿಂತೇಬಿಡುತ್ತದೆ. ಆಗ ಎಕ್ಸಲೇಟರ್ ತಿರುಚಿದರೆ ಕ್ಲಚ್ ಸುಡುತ್ತದೆ. ಇಳಿದು ಕಡ್ಡಿಯಲ್ಲಿ ಕೆರೆದು ತೆಗೆಯಬೇಕು, ಮನೆಗೆ ಬಂದ ಮೇಲೆ ಒಣಗುವ ಮೊದಲೇ ತೊಳೆಯಬೇಕು. ಎರಡನೆಯದು ಹುಲ್ಲು. ಭದ್ರಾ ನಾಲೆಯ ಕಡೆ ಭತ್ತದ ಸುಗ್ಗಿ ಬಂದರೆ, ರಾಗಿ ಸುಗ್ಗಿ ಬಂದರೆ ರಸ್ತೆಯೇ ಕಣ. ಅದರ ಮೇಲೆ ಹಾಯ್ದು ಬಂದ ದಿನ ಮುಂದಿನ ಚಕ್ರದ ಆಕ್ಸಲ್ ಹತ್ತಿರ ಒಮ್ಮೆ ಬಗ್ಗಿ ನೋಡಿ. ಹುಲ್ಲು ಹಗ್ಗದ ಹಾಗೆ ಸುತ್ತಿಕೊಂಡು ಬೇರಿಂಗಿನ ಸೀಲನ್ನೇ ಕಿತ್ತಿರುತ್ತದೆ. ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಿರಿ, ಜಗ್ಗಬೇಡಿ.

ತೊಳೆಯುವ ಮಾತು ಬಂತಲ್ಲ, ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸಿನ ಮುಂದೆ ಸಾಲು ನಿಲ್ಲುತ್ತಾರೆ. ಆ ಜೋರು ನೀರಿನ ಪೈಪನ್ನು ಚಕ್ರದ ನಡುವಿಗೆ, ಹ್ಯಾಂಡಲ್ ಕುತ್ತಿಗೆಗೆ, ಏರ್ ಫಿಲ್ಟರ್ ಡಬ್ಬಿಗೆ ಹಿಡಿಸಬೇಡಿ. ಗ್ರೀಸ್ ತೊಳೆದುಹೋಗಿ ನೀರು ಉಳಿಯುತ್ತದೆ. ಮನೆಯಲ್ಲಿ ಬಕೆಟ್ ನೀರು, ಹಳೇ ಬನಿಯನ್ನು ಸಾಕು. ಪೂಜೆಗೆ ಅದೂ ನಡೆಯುತ್ತದೆ.

ಟೈರಿನ ಪಕ್ಕದಲ್ಲಿ ಒಂದು ಮೊಟ್ಟೆಯಾಕಾರದ ಗುರುತಿನೊಳಗೆ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ಮಾಡಿದ ಟೈರು. ಗೆರೆ ಚೆನ್ನಾಗಿದ್ದರೂ ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಅದರ ಮೇಲೆ ಹೈವೇಗೆ ಹೋಗಬೇಡಿ. ಗಾಳಿ ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ. ಒಬ್ಬರೇ ಇದ್ದರೆ ಮುಂದೆ 25 ಪಿಎಸ್‌ಐ, ಹಿಂದೆ 28. ಹಿಂದೆ ಹೆಂಡತಿಯನ್ನೋ ಅಕ್ಕಿ ಚೀಲವನ್ನೋ ಕೂರಿಸುವುದಾದರೆ ಹಿಂದಕ್ಕೆ ಇನ್ನೂ ಜಾಸ್ತಿ ಬೇಕು. ದಪ್ಪ ಟೈರಿನ ಆಸೆ ಇರುವವರಿಗೆ ಒಂದು ಮಾತು. ಈ ಗಾಡಿಗೆ ಬಂದದ್ದು 2.75-18, ಅಂದರೆ ಅಗಲ 2.75 ಇಂಚು, ರಿಮ್ 18 ಇಂಚು. ಹಿಂದಕ್ಕೆ 3.00-18 ಹಾಕಿಕೊಳ್ಳಿ, ಅದರಿಂದಾಚೆ ಹೋದರೆ ಉಜ್ಜುತ್ತದೆ, ಮೈಲೇಜೂ ಹೋಗುತ್ತದೆ.

ಡ್ರಮ್ ಬ್ರೇಕಿನ ಸ್ಥಿತಿ ತಿಳಿಯಲು ಬಿಚ್ಚಬೇಕಿಲ್ಲ. ಡ್ರಮ್ಮಿನ ಹೊರಗೆ ಬ್ರೇಕ್ ಎಳೆಯುವ ಕೈ (ಪಟ್ಟಿ) ಇರುವ ಕಡೆ ಒಂದು ಬಾಣದ ಗುರುತು ಇದೆ. ಪೂರ್ತಿ ಬ್ರೇಕ್ ಹಿಡಿದಾಗ ಆ ಬಾಣ ಡ್ರಮ್ ಮೇಲಿನ ಗುರುತಿಗೆ ಬಂದು ನಿಂತರೆ ಬ್ರೇಕ್ ಶೂ ಮುಗಿಯಿತು. ಹ್ಯಾಂಡಲ್ ನೋಡುವುದು ಹೀಗೆ, ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಆ ಕಡೆಯಿಂದ ಈ ಕಡೆಗೆ ಮೆಲ್ಲಗೆ ಬಿಡಿ. ನೇರಕ್ಕೆ ಬಂದಾಗ ಗುಂಡಿಗೆ ಬಿದ್ದ ಹಾಗೆ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ಕುತ್ತಿಗೆಯ ಬೇರಿಂಗ್, ಹೋಗಿದೆ.

ಪೆಟ್ರೋಲಿನ ಬಗ್ಗೆ ಒಂದೆರಡು ಮಾತು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. 2020ಕ್ಕಿಂತ ಹಿಂದಿನ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಗಾಡಿಗಳ ರಬ್ಬರು ಅದಕ್ಕೆಂದು ಮಾಡಿದ್ದಲ್ಲ. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬೆರಳಲ್ಲಿ ಮಡಿಸಿ ನೋಡಿ, ಬಿರುಕಿದ್ದರೆ ಹೊಸದು ಹಾಕಿಸಿ, ಅದೇನು ದೊಡ್ಡ ಖರ್ಚಲ್ಲ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಗಾಡಿಯನ್ನು ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದನ್ನು ಇಳಿಸಿಬಿಡಿ.

ಇಷ್ಟು ಮುಗಿದ ಮೇಲೆ ಒಂದು ತಿಂಗಳು ಏನೂ ಬದಲಿಸದೆ ಓಡಿಸು ಅಂದೆ. ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಬರೆದುಕೋ, ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು ನೋಡು. ಮೊದಲ ಸಲ ಲೀಟರಿಗೆ 48 ಕಿಲೋಮೀಟರ್ ಬಂತು. ಮೆಕ್ಯಾನಿಕ್ ಹತ್ತಿರ ಹೋಗಿ, ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಿ, ಏರ್ ಫಿಲ್ಟರ್, ಪ್ಲಗ್ ಹೊಸದು ಹಾಕಿಸಿದ ಮೇಲೆ 61 ಬಂತು. ಇದೂ ಅಪ್‌ಗ್ರೇಡೇ ಅಲ್ವಾ?

ಲೈಟಿನ ಆಸೆ ಮಾತ್ರ ನ್ಯಾಯವಾದದ್ದೇ. ರಾತ್ರಿ ಹರಿಹರದಿಂದ ಬರುವಾಗ ಎದುರಿನ ಲಾರಿಗಳ ಬೆಳಕಿನಲ್ಲಿ ನಮ್ಮ ರಸ್ತೆಯೇ ಕಾಣುವುದಿಲ್ಲ. ಆದರೆ ಈ ಹಳೇ ಗಾಡಿಗಳ ಹೆಡ್‌ಲೈಟು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ಕರೆಂಟು ಕೊಡುವ ಕಾಯಿಲಿನಿಂದ ನೇರವಾಗಿ ಉರಿಯುತ್ತದೆ. ಅದಕ್ಕೇ ಎಂಜಿನ್ ನಿಧಾನವಾದರೆ ಬೆಳಕೂ ಕುಂದುತ್ತದೆ. ಬ್ಯಾಟರಿಗೆಂದು ಮಾಡಿದ ಎಲ್‌ಇಡಿ ತಂದು ಸಿಕ್ಕಿಸಿದರೆ ಮಿಣುಕುತ್ತದೆ, ಬೇಗ ಸುಟ್ಟೂ ಹೋಗುತ್ತದೆ. 35 ವ್ಯಾಟಿನ ಜಾಗಕ್ಕೆ 100 ವ್ಯಾಟಿನ ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ. ಇವನ ಗಾಡಿಯಲ್ಲಿ ಹೆಡ್‌ಲೈಟಿನ ಡೂಮ್ ಬಿಚ್ಚಿ ನೋಡಿದರೆ ಒಳಗಿನ ರಿಫ್ಲೆಕ್ಟರ್ ಕಪ್ಪಾಗಿತ್ತು, ಅರ್ಥ್ ವೈರಿನ ತುದಿ ತುಕ್ಕು ಹಿಡಿದಿತ್ತು. ರಿಫ್ಲೆಕ್ಟರ್ ಹೊಸದು ಹಾಕಿಸಿ, ವೈರಿನ ತುದಿ ಮರಳು ಕಾಗದದಲ್ಲಿ ಉಜ್ಜಿ, ಅದೇ 35 ವ್ಯಾಟಿನ ಹೊಸ ಬಲ್ಬು ಕೂರಿಸಿದೆವು. ಲೈಟನ್ನು ಗೋಡೆಗೆ ಹಿಡಿದು ತುಸು ಕೆಳಗೆ ಬಾಗಿಸಿದೆ. ಆ ರಾತ್ರಿ ಬಂದವನು "ದೊಡ್ಡಪ್ಪ, ಗುಂಡಿಗಳೆಲ್ಲ ಕಾಣ್ತಾವೆ" ಅಂದ.

ಸೈಲೆನ್ಸರ್ ವಿಷಯ ಇನ್ನೂ ಬಿಟ್ಟಿಲ್ಲ. ಗಾಡಿಯ ಮೂಲ ರೂಪ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಬರುತ್ತದೆ, ಪೊಲೀಸರು ಹಿಡಿದರೆ ದಂಡ ಅಂತ ಹೇಳಿದೆ. ಕೇಳುವ ಹಾಗೆ ಕಾಣಲಿಲ್ಲ. ಅವರಮ್ಮನ ಕಿವಿಗೆ ಹಾಕಿದ್ದೇನೆ.