ಕಿಟಕಿಯ ಹೊರಗೊಂದು ದೂಳುಮಾಪಕ: ಕಟ್ಟಿಸುವುದು, ಓದಿಸುವುದು

ಯುರೋಪಿನಲ್ಲಿ ಜನರ ಕೈಯಿಂದಲೇ ಗಾಳಿ ಅಳೆಸುವ ಯೋಜನೆಗಳು ಹಲವಿವೆ. ನಮ್ಮ ಕಾರ್ಯಾಗಾರಗಳಲ್ಲಿ ಕಟ್ಟಿಸುವುದು ಸೆನ್ಸರ್.ಕಮ್ಯೂನಿಟಿ ಜಾಲದ ಪೆಟ್ಟಿಗೆ. 2015ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಓಕೆ ಲ್ಯಾಬ್ ಎಂಬ ತಂತ್ರಜ್ಞಾನ ಬಳಗದ ಸ್ವಯಂಸೇವಕರು ಲುಫ್ಟ್‌ಡಾಟನ್ ಹೆಸರಿನಲ್ಲಿ ಶುರುಮಾಡಿದ್ದು. ಆ ಊರು ಬಟ್ಟಲಿನಂಥ ಕಣಿವೆಯಲ್ಲಿದೆ. ಗಾಳಿಯಾಡದ ಚಳಿಗಾಲದಲ್ಲಿ ದೂಳು ಕದಲುವುದಿಲ್ಲ.

ಒಂದು ಪೆಟ್ಟಿಗೆಗೆ ಬೇಕಾದ್ದು ಎಸ್‌ಡಿಎಸ್011 ದೂಳು ಸೆನ್ಸರ್, ಅಂಕಿಯನ್ನು ವೈಫೈ ಮೂಲಕ ಕಳಿಸುವ ನೋಡ್‌ಎಂಸಿಯು ಬೋರ್ಡ್, ತೇವಾಂಶ ಅಳೆಯಲು ಬಿಎಂಇ280, ಬಚ್ಚಲ ನೀರಿನ 75 ಮಿ.ಮೀ. ಪೈಪಿನ 87 ಡಿಗ್ರಿ ಬೆಂಡ್ ಎರಡು, ಒಳವ್ಯಾಸ 6 ಮಿ.ಮೀ. ಇರುವ 20 ಸೆಂ.ಮೀ. ಮೆದು ಕೊಳವೆ, ಕೇಬಲ್ ಟೈ, 2 ಮೀಟರಿನ ಚಪ್ಪಟೆ ಯುಎಸ್‌ಬಿ ಕೇಬಲ್, 5 ವೋಲ್ಟಿನ ಚಾರ್ಜರ್. ಕೇಬಲ್ ಚಪ್ಪಟೆಯೇ ಆಗಿರಲಿ, ಕಿಟಕಿ ಮುಚ್ಚಿದರೂ ಸಂದಿಯಲ್ಲಿ ಹಾಯಬೇಕು. ತೇವಾಂಶಕ್ಕೆ ಅಗ್ಗದ ಡಿಎಚ್‌ಟಿ22 ಸೆನ್ಸರ್ ಬೇಡ. ಒದ್ದೆ ಹವೆಯಲ್ಲಿ ಅದು ಶೇಕಡಾ 99.9ಕ್ಕೇ ಅಂಟಿಕೊಳ್ಳುತ್ತದೆ. ಬಿಎಂಇ280 ಹೆಸರಲ್ಲಿ ಬಿಎಂಪಿ280 ಮಾರುವವರೂ ಇದ್ದಾರೆ. ಅದು ತೇವಾಂಶ ಅಳೆಯುವುದೇ ಇಲ್ಲ, ಆದ್ದರಿಂದ ಬಂದ ದಿನವೇ ಹಚ್ಚಿ ನೋಡಿ.

ಬೋರ್ಡನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರನ್ನು ಹಿಂದಿನ ದಿನವೇ ತುಂಬಿಡುತ್ತೇವೆ. ಜನ ತಂತಮ್ಮ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಹುಡುಕುತ್ತ ಕೂತರೆ ಸಂಜೆ ಅಲ್ಲಿಗೇ ಮುಗಿಯಿತು. ಚಾರ್ಜಿಂಗಿಗೆ ಮಾತ್ರ ಬರುವ ಕೇಬಲ್‌ಗಳನ್ನೂ ಆಗಲೇ ಬೇರೆ ಇಡಿ.

ಜೋಡಣೆ ಹೀಗೆ: ದೂಳು ಸೆನ್ಸರಿನ 1ನೇ ಪಿನ್ ನೋಡ್‌ಎಂಸಿಯುವಿನ ಡಿ1ಕ್ಕೆ, 2ನೆಯದು ಡಿ2ಕ್ಕೆ, 3 ಗ್ರೌಂಡಿಗೆ, 5 ವಿಯು ಪಿನ್ನಿಗೆ. 4 ಖಾಲಿ. ಬಿಎಂಇ280ರ ಎಸ್‌ಡಿಎ ಡಿ3ಕ್ಕೆ, ಎಸ್‌ಸಿಎಲ್ ಡಿ4ಕ್ಕೆ, ವಿದ್ಯುತ್ 3.3 ವೋಲ್ಟಿನಿಂದ. ಮೆದು ಕೊಳವೆಯನ್ನು ದೂಳು ಸೆನ್ಸರಿಗೆ ಸಿಕ್ಕಿಸಿ, ಸೆನ್ಸರ್ ಮತ್ತು ನೋಡ್‌ಎಂಸಿಯು ಎರಡನ್ನೂ ಟೈಯಿಂದ ಬಿಗಿದು ಬೆಂಡಿನೊಳಗೆ ತಳ್ಳಿ. ಕೊಳವೆಯ ಬಾಯಿ ಕೆಳಮುಖವಾಗಿರಲಿ, ಬಿಎಂಇ280 ಆ ಬಾಯಿಯ ಬಳಿಯೇ ತೂಗಲಿ. ಬೋರ್ಡಿನ ಬಿಸಿ ತಾಗಿದರೆ ತೇವಾಂಶ ಕಡಿಮೆ ತೋರಿಸುತ್ತದೆ. ಪೈಪಿನ ತೆರೆದ ಬಾಯಿಗಳಿಗೆ ಜಾಲರಿ ಕಡ್ಡಾಯ. ಜೇಡ ಒಳಗೆ ಮನೆ ಮಾಡಿದ ಮೇಲೆ ಬರುವ ಅಂಕಿಗೆ ಅರ್ಥವಿಲ್ಲ.

ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ಮನೆಗೆ ಹೋಗಿ ‘ಸಿಗ್ನಲ್ಲೇ ಸಿಗ್ತಿಲ್ಲ’ ಎನ್ನುವವರ ಕರೆಗೆ ಮೊದಲ ಉತ್ತರ ಇದೇ. ರಸ್ತೆ ಬದಿಗೆ, ನೆಲದಿಂದ ಒಂದೂವರೆಯಿಂದ ಮೂರೂವರೆ ಮೀಟರ್ ಎತ್ತರದಲ್ಲಿ ಕಟ್ಟಿ. ಅಡುಗೆಮನೆಯ ಎಕ್ಸಾಸ್ಟ್, ಚಿಮಣಿ, ಗ್ರಿಲ್ ದೂರವಿರಲಿ.

ಪೆಟ್ಟಿಗೆ ಕಟ್ಟುವುದು ಯಾರಿಗೂ ಬರುತ್ತದೆ. ನಿಜವಾದ ಕೆಲಸ ಎರಡನೇ ಸಭೆಯದು. ಅಲ್ಲಿ ಮೊದಲು ಡಿಸೆಂಬರ್ 31ರ ರಾತ್ರಿಯ ಗ್ರಾಫ್ ಹಾಕುತ್ತೇವೆ. ಹನ್ನೆರಡು ಹೊಡೆಯುತ್ತಿದ್ದಂತೆ ಗೆರೆ ನೆಟ್ಟಗೆ ಮೇಲೇರುತ್ತದೆ. ಪಟಾಕಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ನವೆಂಬರಿನ ಮಂಜಿನ ಬೆಳಗೊಂದರದು. ಗೆರೆ ಅಲ್ಲೂ ಏರುತ್ತದೆ, ರಸ್ತೆ ಮಾತ್ರ ಖಾಲಿ. ಅದರ ಮೇಲೆ ತೇವಾಂಶದ ಗೆರೆ ಹೊದಿಸಿದಾಗ ಗುಟ್ಟು ಗೊತ್ತಾಗುತ್ತದೆ: ಲೇಸರ್ ಬೆಳಕು ಚದುರುವುದನ್ನಷ್ಟೇ ಈ ಸೆನ್ಸರ್ ನೋಡುತ್ತದೆ, ನೀರು ಹೀರಿ ಉಬ್ಬಿದ ಕಣವೂ ಅದಕ್ಕೆ ದೊಡ್ಡ ದೂಳೇ. ಸರ್ಕಾರಿ ಕೇಂದ್ರಗಳಲ್ಲಿ ಮಾದರಿಯನ್ನು ಒಣಗಿಸಿ ಅಳೆಯುತ್ತಾರೆ, ಇಲ್ಲಿ ಆ ಸೌಕರ್ಯವಿಲ್ಲ. ತೇವಾಂಶ 70 ಶೇಕಡಾ ದಾಟಿದ ಗಂಟೆಗಳನ್ನು ನಂಬಬೇಡಿ. (ಮಲೆನಾಡಿನ ಮಳೆಗಾಲದಲ್ಲಿ ಕಟ್ಟಿದರೆ ನಂಬಲು ಹೆಚ್ಚೇನೂ ಉಳಿಯದು.) ಪಿಎಂ10 (10 ಮೈಕ್ರೋಮೀಟರ್‌ವರೆಗಿನ ಕಣಗಳ) ಅಂಕಿಯನ್ನಂತೂ ಸಭೆಯಲ್ಲಿ ತೋರಿಸುವುದೇ ಇಲ್ಲ, ದಪ್ಪ ಕಣಗಳು ಈ ಸೆನ್ಸರಿಗೆ ಸರಿಯಾಗಿ ಕಾಣುವುದಿಲ್ಲ.

ಹಂಚುವ ಮೊದಲು ಎಲ್ಲ ಪೆಟ್ಟಿಗೆಗಳನ್ನೂ ಒಂದು ವಾರ ಪಕ್ಕಪಕ್ಕದಲ್ಲಿ ಓಡಿಸಿ, ಉಳಿದವುಗಳ ಜತೆ ಹೊಂದದ್ದನ್ನು ತೆಗೆದಿಡಿ. ಲೇಸರಿನ ಆಯುಸ್ಸು ಸುಮಾರು 8000 ಗಂಟೆ. ಫರ್ಮ್‌ವೇರ್ ಎರಡೂವರೆ ನಿಮಿಷಕ್ಕೊಮ್ಮೆ ಮಾತ್ರ ಅದನ್ನು ಎಬ್ಬಿಸುವುದರಿಂದ ವರ್ಷಗಟ್ಟಲೆ ಬಾಳುತ್ತದೆ, ಫ್ಯಾನಿಗೆ ದೂಳು ಕಟ್ಟದಿದ್ದರೆ.

ನಗರಸಭೆಗೆ ಅಂಕಿ ಒಯ್ಯುವವರು ಒಂದು ದಿನದ ಶಿಖರ ಹಿಡಿದುಕೊಂಡು ಹೋಗಬೇಡಿ. ಕೆಲಸದ ದಿನ ಮತ್ತು ವಾರಾಂತ್ಯದ ಸರಾಸರಿಗಳನ್ನು ಬೇರೆಬೇರೆ ತೆಗೆದು, ತೇವಾಂಶದ ಕಾರಣ ಎಷ್ಟು ಗಂಟೆ ಕೈಬಿಟ್ಟಿರಿ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಎಂಜಿನಿಯರ್ ಕೇಳುವ ಮೊದಲ ಪ್ರಶ್ನೆ ಅದೇ.