ಸೀರಿಯಲ್-ಈಥರ್ನೆಟ್ ಕನೆಕ್ಷನ್ ಆಗಾಗ ಕಟ್ ಆಗ್ತಿದ್ರೆ ಮೊದಲು ಕೀಪ್‌ಅಲೈವ್ ನೋಡಿ

ವೇಬ್ರಿಡ್ಜ್, ಎನರ್ಜಿ ಮೀಟರ್ ಥರದ್ದನ್ನು ಸೀರಿಯಲ್-ಈಥರ್ನೆಟ್ ಕನ್ವರ್ಟರ್ (ಸೀರಿಯಲ್ ಪೋರ್ಟಿನ ಡೇಟಾವನ್ನು ನೆಟ್‌ವರ್ಕಿಗೆ ಕಳಿಸುವ ಪೆಟ್ಟಿಗೆ) ಮೂಲಕ ಕಂಪ್ಯೂಟರಿಗೆ ಜೋಡಿಸಿದ್ದು, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಕನೆಕ್ಷನ್ ಹೋಗ್ತಿದ್ರೆ, ಕೇಬಲ್ ಬದಲಿಸುವ ಮೊದಲು ಕನ್ವರ್ಟರಿನ ಸೆಟ್ಟಿಂಗ್ ಪುಟ ತೆರೆದು ಟಿಸಿಪಿ ಕೀಪ್‌ಅಲೈವ್ (ನೆಟ್‌ವರ್ಕ್ ಕನೆಕ್ಷನ್ ನಡೆಸುವ ಟಿಸಿಪಿ, ಸುಮ್ಮನಿದ್ದಾಗ ಆ ಕಡೆ ಜೀವಂತವಾಗಿದೆಯಾ ಎಂದು ಕೇಳುವ ಸಣ್ಣ ಸಂದೇಶ) 30ರಿಂದ 60 ಸೆಕೆಂಡಿಗೆ ಇಡಿ, ಸೇವ್ ಮಾಡಿ ರೀಬೂಟ್ ಮಾಡಿ. ಅಲ್ಲೇ ಇನ್‌ಆಕ್ಟಿವಿಟಿ ಟೈಮ್‌ಔಟ್ (ಡೇಟಾ ಇಲ್ಲದೆ ಇಷ್ಟು ಹೊತ್ತಾದರೆ ಕನೆಕ್ಷನ್ ಮುಚ್ಚುವ ಅವಧಿ) ಅಂತ ಇದ್ದರೆ, ನಿಮ್ಮ ಸಾಫ್ಟ್‌ವೇರ್ ಎಷ್ಟು ಹೊತ್ತಿಗೊಮ್ಮೆ ಡೇಟಾ ಕೇಳುತ್ತದೋ ಅದಕ್ಕಿಂತ ಹೆಚ್ಚಿರಲಿ. ಡೇಟಾ ಓಡಾಡದಿದ್ದಾಗ ಆ ಕಡೆಯವರು ಇದ್ದಾರೋ ಇಲ್ಲವೋ ಟಿಸಿಪಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಏಕಾಏಕಿ ಆಫ್ ಆದರೂ ಕನ್ವರ್ಟರ್ ಹಳೆಯ ಕನೆಕ್ಷನ್ನನ್ನೇ ಹಿಡಿದು ಕೂತಿರುತ್ತದೆ. ಒಂದು ಪೋರ್ಟಿಗೆ ಒಂದೇ ಕನೆಕ್ಷನ್ ಒಪ್ಪುವ ಮಾಡೆಲ್ ಆದರೆ ಹೊಸದನ್ನು ಒಳಗೇ ಬಿಡುವುದಿಲ್ಲ. ಪವರ್ ತೆಗೆದು ಹಾಕಿದ ಕೂಡಲೇ ಸರಿಹೋಗುತ್ತಿದ್ದರೆ ಬಹುಪಾಲು ಇದೇ ಕಾರಣ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಕೀಪ್‌ಅಲೈವ್ ಡಿಫಾಲ್ಟ್ 2 ಗಂಟೆ, ಅದೂ ಪ್ರೋಗ್ರಾಂ ಆನ್ ಮಾಡಿದ್ದರೆ ಮಾತ್ರ. ಅಷ್ಟರೊಳಗೆ ನಡುವಿನ ಫೈರ್‌ವಾಲ್ ಖಾಲಿ ಕನೆಕ್ಷನ್ನನ್ನು ಮರೆತುಬಿಟ್ಟಿರಬಹುದು. ಕನೆಕ್ಷನ್ ಹೋದಾಗ ಪಿಂಗ್ (ಕನ್ವರ್ಟರ್ ನೆಟ್‌ವರ್ಕಿನಲ್ಲಿ ಉತ್ತರಿಸುತ್ತಿದೆಯಾ ಎಂದು ನೋಡುವ ಕಮಾಂಡ್) ಕೂಡ ನಿಲ್ಲುತ್ತಿದ್ದರೆ ಈ ಉಪಾಯ ನಡೆಯದು. ಆಗ ಅದೇ ಐಪಿ ವಿಳಾಸ ಬೇರೆ ಯಾವುದಕ್ಕಾದರೂ ಸಿಕ್ಕಿದೆಯಾ, ಅಡಾಪ್ಟರ್ ಪಿನ್ ಸಡಿಲವಾಗಿದೆಯಾ, ಲ್ಯಾಪ್‌ಟಾಪ್ ಸ್ಲೀಪಿಗೆ ಹೋಗುತ್ತಿದೆಯಾ ನೋಡಿ. ಕನೆಕ್ಷನ್ ಇದ್ದೂ ಅಕ್ಷರ ಅಡ್ಡಾದಿಡ್ಡಿ ಬರುತ್ತಿದ್ದರೆ ತೊಂದರೆ ಸೀರಿಯಲ್ ಕಡೆಯದು: ಬಾಡ್ ರೇಟ್ (ಡೇಟಾ ಕಳಿಸುವ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಎರಡೂ ಕಡೆ ಒಂದೇ ಇದೆಯಾ ತಾಳೆ ನೋಡಿ. ಆರ್‌ಎಸ್-485 (ಒಂದೇ ಜೋಡಿ ವೈರಿಗೆ ಹಲವು ಮೀಟರ್ ಸೇರಿಸುವ ಸೀರಿಯಲ್ ಪದ್ಧತಿ) ಉದ್ದದ ಲೈನ್ ಆದರೆ 120 ಓಮ್ ರೆಸಿಸ್ಟರ್ ಎರಡು ತುದಿಯಲ್ಲಿ ಮಾತ್ರ ಇರಲಿ, ನಡುವಿನ ಮೀಟರುಗಳಿಗೆ ಬೇಡ.