ತವರಿಗೆ ಬಂದ ಮೇಲೆ ಮಗು ಸೊರಗಿತೇ?

ಸೀಮಂತ ಮುಗಿಸಿಕೊಂಡು ಬೇಲೂರಿನ ಹತ್ತಿರದ ತವರಿಗೆ ಬಂದಿದ್ದ ಹೆಣ್ಣುಮಗಳು ಹಾಸನದ ನನ್ನ ಸ್ಕ್ಯಾನಿಂಗ್ ಕೊಠಡಿಗೆ ಬಂದಾಗ ಅವಳಿಗೆ 35 ವಾರ. ಮೂರು ವಾರಗಳ ಹಿಂದೆ ಬೆಂಗಳೂರಿನಲ್ಲಿ ಮಾಡಿಸಿದ್ದ ವರದಿಯಲ್ಲಿ ಮಗುವಿನ ತೂಕ ಸರಿಯಾಗಿಯೇ ಇತ್ತು. ನನ್ನ ಯಂತ್ರ ಮಾತ್ರ ಹತ್ತನೇ ಪರ್ಸೆಂಟೈಲ್‌ಗಿಂತ ಕೆಳಗೆ, ಅಂದರೆ ಅಷ್ಟೇ ವಾರದ ನೂರು ಮಕ್ಕಳಲ್ಲಿ ತೀರಾ ಕಡಿಮೆ ತೂಕದ ಹತ್ತರ ಸಾಲಿನಲ್ಲಿ, ಎಂದು ತೋರಿಸಿತು. "ನಮ್ಮ ಮನೆಗೆ ಬಂದ ಮೇಲೆ ಮಗು ಸೊರಗಿತೇ? ನಾನೇನು ಕಡಿಮೆ ಮಾಡಿದೆ?" ಎಂದು ಅವಳ ತಾಯಿ ಕಣ್ಣೊರೆಸಿಕೊಂಡರು.

ನಾನು ಎರಡೂ ವರದಿಗಳಿಂದ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದಗಳನ್ನು ಎತ್ತಿಕೊಂಡು ಯಾವ ವಾರಕ್ಕೆ ಮಗು ಎಷ್ಟಿರಬೇಕು ಎಂದು ತೋರಿಸುವ ಒಂದೇ ಬೆಳವಣಿಗೆಯ ಚಾರ್ಟ್‌ನ ಮೇಲೆ ಗುರುತು ಹಾಕಿದೆ. ಮಗು ಮೊದಲಿನ ಗೆರೆಯಲ್ಲೇ ಬೆಳೆಯುತ್ತಿತ್ತು. ಬೆಂಗಳೂರಿನವರು ಬಳಸಿದ್ದು ಇಂಟರ್‌ಗ್ರೋತ್-21 ಚಾರ್ಟ್. ನನ್ನ ಯಂತ್ರದಲ್ಲಿ ಕಂಪನಿಯವರು ಹಾಕಿಕೊಟ್ಟಿದ್ದು ಹ್ಯಾಡ್‌ಲಾಕ್ ಎಂಬ ಬೇರೆ ಚಾರ್ಟ್. ಬದಲಾದದ್ದು ಚಾರ್ಟ್, ಮಗುವಲ್ಲ. ಅಷ್ಟು ವರ್ಷ ಅದನ್ನು ನಾನು ಪ್ರಶ್ನಿಸಿಯೇ ಇರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ಆ ವಾರ ಕುಳಿತು ಓದಿದೆ. ಹ್ಯಾಡ್‌ಲಾಕ್ ಅವರ 1991ರ ತೂಕದ ಚಾರ್ಟ್ ಅಮೆರಿಕದ ಟೆಕ್ಸಾಸ್‌ನ 392 ಗರ್ಭಿಣಿಯರಿಂದ ಬಂದದ್ದು, ಅವರಲ್ಲಿ ಬಹುಪಾಲು ಮಧ್ಯಮ ವರ್ಗದ ಬಿಳಿಯರು. 2014ರ ಇಂಟರ್‌ಗ್ರೋತ್ ಅಧ್ಯಯನ ನಡೆದ ಎಂಟು ಸ್ಥಳಗಳಲ್ಲಿ ನಮ್ಮ ನಾಗಪುರವೂ ಒಂದು. ಹಾಗಾದರೆ ಅದು ನಮ್ಮದೇ ಚಾರ್ಟ್ ಅಲ್ಲವೇ ಎಂದು ಸಂತೋಷಪಟ್ಟೆ. ಆದರೆ ಆರೋಗ್ಯವಂತ ತಾಯಿಯ ಮಗು ಹೇಗೆ ಬೆಳೆಯಬೇಕು ಎಂದು ತೋರಿಸುವುದೇ ಅದರ ಉದ್ದೇಶವಾದ್ದರಿಂದ, 153 ಸೆಂಟಿಮೀಟರ್‌ಗಿಂತ ಕುಳ್ಳಗಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಿಂದ ನನ್ನ ಬಳಿ ಬರುವ ಎಷ್ಟೋ ತಾಯಂದಿರ ಎತ್ತರ 145, 148. ಅವರಂಥವರು ಆ ಗೆರೆಗಳಲ್ಲಿ ಇಲ್ಲವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಭಾರತವೂ ಸೇರಿ ಹತ್ತು ದೇಶಗಳಿಂದ ತಯಾರಿಸಿದ ಚಾರ್ಟ್‌ನಲ್ಲಂತೂ ದೇಶದಿಂದ ದೇಶಕ್ಕೆ ತೂಕ ಬದಲಾದದ್ದು ಕಂಡುಬಂತು.

ನಮ್ಮ ಜಿಲ್ಲೆಗೆ ನಮ್ಮದೇ ಚಾರ್ಟ್ ಮಾಡೋಣ ಎಂಬ ಆಸೆ ಹುಟ್ಟಿತು. ಕೈಬಿಟ್ಟೆ. ರಕ್ತಹೀನತೆಯಲ್ಲೇ ಎಂಟನೇ ತಿಂಗಳವರೆಗೂ ಹಣ್ಣು ಕೊಯ್ಯುವವರ ಅಳತೆಗಳನ್ನು ಸರಾಸರಿ ಮಾಡಿದರೆ ಹಸಿವೇ ಸಹಜ ಎಂದು ಬರೆದುಕೊಟ್ಟಂತಾಗುತ್ತದೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

"ತಾಯಿ ಚಿಕ್ಕವಳು, ಮಗುವೂ ಚಿಕ್ಕದು" ಎಂಬ ಸಮಾಧಾನ ಎಷ್ಟು ಅಪಾಯಕಾರಿ ಎಂಬುದನ್ನು ತೋಟದ ಇನ್ನೊಬ್ಬ ತಾಯಿ ನನಗೆ ಕಲಿಸಿದಳು. ಎತ್ತರ 146. ಮಗು ಹತ್ತನೇ ಗೆರೆಯ ಸ್ವಲ್ಪ ಕೆಳಗಿತ್ತು, ಮೈಕಟ್ಟೇ ಹಾಗೆ ಎಂದುಕೊಂಡೆ. ಎರಡು ವಾರ ಬಿಟ್ಟು ನೋಡಿದರೆ ಮಗುವಿನ ಹೊಟ್ಟೆಯ ಸುತ್ತಳತೆ ಹೆಚ್ಚೂಕಡಿಮೆ ಅಲ್ಲೇ ನಿಂತಿತ್ತು. ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತ ಪ್ರತಿ ಬಡಿತದ ಕೊನೆಗೆ ನಿಂತುಹೋಗುತ್ತಿತ್ತು. ಅಂದೇ ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಕಳುಹಿಸಿದೆವು. ಮಗು ಉಳಿಯಿತು.

ಈಗ ಯಾವ ಚಾರ್ಟ್ ಹಿಡಿದಿದ್ದೇನೆ ಎಂಬುದನ್ನು ವರದಿಯ ಮೇಲೆ ಬರೆಯುತ್ತೇನೆ, ಹೆರಿಗೆಯವರೆಗೂ ಅದನ್ನು ಬದಲಿಸುವುದಿಲ್ಲ. ತಾಯಿಯ ಎತ್ತರ, ಹಿಮೋಗ್ಲೋಬಿನ್ ಪಕ್ಕದಲ್ಲೇ ಇರುತ್ತವೆ. ವಾರಗಳ ಲೆಕ್ಕಕ್ಕೆ ಮೂರನೇ ತಿಂಗಳ ಸ್ಕ್ಯಾನೇ ಆಧಾರ. ಮುಟ್ಟಿನ ದಿನಾಂಕ ತಪ್ಪಾಗಿದ್ದರೆ ಜಗತ್ತಿನ ಯಾವ ಚಾರ್ಟೂ ಸರಿಹೋಗದು. ಸ್ಕ್ಯಾನ್‌ನ ತೂಕದ ಅಂದಾಜೇ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಆಗಬಹುದಾದ್ದರಿಂದ ಬೆಳವಣಿಗೆ ತಿಳಿಯಲು ಎರಡು ವಾರಕ್ಕಿಂತ ಮೊದಲು ಅಳೆಯುವುದಿಲ್ಲ, ಡಾಪ್ಲರ್ ಮಾತ್ರ ಬೇಕೆಂದಾಗ ಮಾಡುತ್ತೇನೆ. ಮೂರನೇ ಪರ್ಸೆಂಟೈಲ್‌ನ ಕೆಳಗೆ ಬಂದರೆ ತಾಯಿಯ ಎತ್ತರವನ್ನು ಕಾರಣವಾಗಿ ಒಪ್ಪುವುದೇ ಇಲ್ಲ.

ಬೇಲೂರಿನ ಹುಡುಗಿಗೆ ದಿನ ತುಂಬಿ ಸಹಜ ಹೆರಿಗೆಯಾಯಿತು. ಅಂದಿನಿಂದ ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು ಹೇಳಿಟ್ಟಿದ್ದೇನೆ: ತವರಿಗೆ ಬರುವ ಗರ್ಭಿಣಿಯರು ತಾಯಿ ಕಾರ್ಡ್ ಜೊತೆಗೆ ಹಳೆಯ ಸ್ಕ್ಯಾನ್‌ಗಳ ಎಲ್ಲ ಹಾಳೆಗಳನ್ನೂ ತರಲಿ, ಮಿಲಿಮೀಟರ್ ಲೆಕ್ಕವಿರುವ ಹಾಳೆಯನ್ನಂತೂ ಮರೆಯದಿರಲಿ.